ಅರಿಯದೆ ಕಂಡವನ ಅಪರಾಧ

ತಾನೇ ಸಾಕಿ ಬೆಳೆಸಿದ ಬೇಟೆನಾಯಿಗಳ ಬಾಯಿಗೆ ಒಡೆಯನೊಬ್ಬನು ತುತ್ತಾದ ಕಥೆ ಗ್ರೀಕರ ಪುರಾಣದಲ್ಲಿದೆ. ಅವನ ಹೆಸರು ಆಕ್ಟಿಯನ್. ಥೀಬ್ಸ್ ಪಟ್ಟಣವನ್ನು ಕಟ್ಟಿದ ಕ್ಯಾಡ್ಮಸ್ ದೊರೆಗೆ ಅವನು ಮೊಮ್ಮಗ. ಅವನು ಮಾಡಿದ ಅಪರಾಧವಾದರೂ ಏನು? ಕೊಲೆಯಲ್ಲ, ಕಳವಲ್ಲ, ದೈವನಿಂದೆಯೂ ಅಲ್ಲ. ಕಾಡಿನಲ್ಲಿ ಸುಮ್ಮನೆ ತಿರುಗುತ್ತಿದ್ದವನ ಕಣ್ಣಿಗೆ ಕಾಣಬಾರದುದೊಂದು ಬಿದ್ದಿತು, ಅಷ್ಟೆ. ಈ ಕಥೆಯನ್ನು ವೆನಿಸ್ಸಿನ ಮಹಾಚಿತ್ರಕಾರ ಟಿಶಿಯನ್ ಎರಡು ಸಲ ಬಣ್ಣದಲ್ಲಿ ಬರೆದನು. ಆ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ಏಳುವ ಪ್ರಶ್ನೆ ಚಿತ್ರಕಲೆಗೆ ಮಾತ್ರ ಸೇರಿದ್ದಲ್ಲ, ನ್ಯಾಯಕ್ಕೂ ಸೇರಿದ್ದು.

ಕಥೆಯನ್ನು ಮೊದಲು ನೆನೆಯೋಣ. ರೋಮಿನ ಕವಿ ಓವಿಡ್ ತನ್ನ 'ಮೆಟಮಾರ್ಫೊಸಿಸ್' ಎಂಬ ರೂಪಾಂತರಗಳ ಕಾವ್ಯದ ಮೂರನೆಯ ಭಾಗದಲ್ಲಿ ಇದನ್ನು ಹೇಳಿದ್ದಾನೆ. ನಡುಹಗಲು. ಬೆಳಗಿನ ಬೇಟೆ ಮುಗಿದಿದೆ. ಬಲೆಗಳೂ ಈಟಿಗಳೂ ಮೃಗಗಳ ರಕ್ತದಲ್ಲಿ ನೆನೆದಿವೆ. ಇಂದಿಗೆ ಸಾಕೆಂದು ಜೊತೆಗಾರರಿಗೆ ಹೇಳಿ ಆಕ್ಟಿಯನ್ ಗೊತ್ತಿಲ್ಲದ ಕಾಡಿನೊಳಗೆ ಗುರಿಯಿಲ್ಲದೆ ಹೆಜ್ಜೆ ಹಾಕುತ್ತಾನೆ. ಅಲ್ಲೊಂದು ಕಣಿವೆ, ಕಣಿವೆಯಲ್ಲೊಂದು ಗುಹೆ, ಗುಹೆಯ ಬಳಿ ತಿಳಿನೀರಿನ ಚಿಲುಮೆ. ಬೇಟೆಯ ದೇವತೆಯೂ ಕನ್ಯಾವ್ರತಸ್ಥೆಯೂ ಆದ ಡಯಾನಾ ತನ್ನ ಸಖಿಯರೊಡನೆ ಅಲ್ಲಿ ಮೀಯುತ್ತಿದ್ದಾಳೆ. ಗಂಡಸನ್ನು ಕಂಡ ಸಖಿಯರು ಕೂಗಿಕೊಂಡು ಒಡತಿಯನ್ನು ಸುತ್ತುವರಿಯುತ್ತಾರೆ. ಆದರೆ ಅವಳು ಅವರೆಲ್ಲರಿಗಿಂತ ಒಂದು ತಲೆಯಷ್ಟು ಎತ್ತರ. ಬಾಣ ಕೈಗೆಟುಕದೆ, ನೀರನ್ನೇ ಮೊಗೆದು ಅವನ ಮುಖಕ್ಕೆರಚಿ, ನನ್ನನ್ನು ಹೀಗೆ ಕಂಡೆನೆಂದು ಇನ್ನು ಹೇಳಬಲ್ಲೆಯಾದರೆ ಹೇಳಿಕೋ ಎನ್ನುತ್ತಾಳೆ. ಅವನ ನೆತ್ತಿಯಲ್ಲಿ ಕೊಂಬು ಮೂಡುತ್ತದೆ. ನೀರಿನಲ್ಲಿ ತನ್ನ ಪ್ರತಿಬಿಂಬವನ್ನು ಕಂಡು ಅಯ್ಯೋ ಎನ್ನಹೋದರೆ ಮಾತೇ ಹೊರಡದು. ರೂಪ ಜಿಂಕೆಯದು, ಬುದ್ಧಿ ಮಾತ್ರ ಮನುಷ್ಯನದಾಗಿಯೇ ಉಳಿದಿದೆ. ನಾಯಿಗಳು ಬೆನ್ನಟ್ಟುತ್ತವೆ. ಮೂವತ್ತಕ್ಕೂ ಹೆಚ್ಚು ನಾಯಿಗಳನ್ನು ಕವಿ ಹೆಸರು ಹಿಡಿದು ಹೇಳುತ್ತಾನೆ. ಹೆಸರು ಹೇಳಿದಷ್ಟೂ ಅವು ಆಕ್ಟಿಯನ್ನನ ಪರಿಚಯದವು ಎಂಬ ಸಂಕಟ ನಮಗೆ ಹೆಚ್ಚುತ್ತದೆ. ಜೊತೆಗಾರರಾದರೋ ನಾಯಿಗಳನ್ನು ಹುರಿದುಂಬಿಸುತ್ತ, ಇಂಥ ಒಳ್ಳೆಯ ಬೇಟೆಯನ್ನು ನೋಡಲು ಆಕ್ಟಿಯನ್ ಇಲ್ಲವಲ್ಲಾ ಎಂದು ಅವನನ್ನೇ ಕೂಗಿ ಕರೆಯುತ್ತಾರೆ.

ಕವಿಗಳ ಈ ವಸ್ತುವನ್ನು ಟಿಶಿಯನ್ ಕೈಗೆತ್ತಿಕೊಂಡದ್ದು ಸ್ಪೇನಿನ ದೊರೆ ಎರಡನೆಯ ಫಿಲಿಪ್ಪನಿಗಾಗಿ. ಹಳೆಯ ಪುರಾಣಗಳಿಂದ ಆಯ್ದು ಆ ದೊರೆಗೆ ಅವನು ಬರೆದುಕೊಟ್ಟ ಆರು ದೊಡ್ಡ ಚಿತ್ರಗಳುಂಟು. ಅವುಗಳನ್ನು ಅವನು 'ಪೊಯೆಸಿಯೆ', ಎಂದರೆ ಕಾವ್ಯಗಳು, ಎಂದು ಕರೆದನು. 'ಡಯಾನಾ ಮತ್ತು ಆಕ್ಟಿಯನ್' ಆ ಆರರಲ್ಲೊಂದು; 1556ರಿಂದ 1559ರವರೆಗೆ ಅದರ ಕೆಲಸ ನಡೆಯಿತು. ಆಗ ಟಿಶಿಯನ್ನನಿಗೆ ಸುಮಾರು ಎಪ್ಪತ್ತರ ವಯಸ್ಸು. ಚಿತ್ರ ಹೆಚ್ಚುಕಡಮೆ ಆರಡಿ ಎತ್ತರ, ಆರೂವರೆ ಅಡಿ ಅಗಲ. ಅದರೊಳಗಿನ ಜನ ನಮ್ಮ ಅಳತೆಗೆ ತೀರ ಕಡಮೆಯೇನಲ್ಲ.

ಈಗ ಚಿತ್ರವನ್ನು ನೋಡೋಣ. ಎಡಗಡೆಯಲ್ಲಿ ಆಕ್ಟಿಯನ್, ಜೊತೆಗೆ ಅವನ ನಾಯಿ. ನಸುಗೆಂಪು ಬಣ್ಣದ ತೆರೆಯೊಂದು ಸರಿದಿದೆ. ಅವನ ಬಿಲ್ಲು ಕೈಜಾರಿದೆ. ಕೈ ಬೆರಗಿನಿಂದ ಮೇಲೆದ್ದಿದೆ. ಬಲಗಡೆಯ ಅಂಚಿನಲ್ಲಿ ಡಯಾನಾ. ತಲೆಯ ಮೇಲೆ ಚಂದ್ರನ ಕಲೆ. ಬಿಳಿಯ ಬಟ್ಟೆಯನ್ನು ಎತ್ತಿ ಮೈಯನ್ನು ಮರೆಮಾಡಿಕೊಳ್ಳುತ್ತ, ಎತ್ತಿದ ತೋಳಿನಾಚೆಯಿಂದ ಓರೆಗಣ್ಣಿನಲ್ಲಿ ಅವನನ್ನು ದಿಟ್ಟಿಸುತ್ತಾಳೆ. ಪಟ್ಟೆ ಪಟ್ಟೆಯ ಉಡುಗೆಯ ಕಪ್ಪು ಹೆಣ್ಣೊಬ್ಬಳು ಅವಳಿಗೆ ನೆರವಾಗುತ್ತಿದ್ದಾಳೆ. ಆಫ್ರಿಕದಿಂದ ಬಂದ ದಾಸದಾಸಿಯರು ಅಂದಿನ ವೆನಿಸ್ಸಿನಲ್ಲಿ ಇದ್ದರು. ಟಿಶಿಯನ್ ಕಂಡ ಲೋಕವೂ ಹೀಗೆ ಪುರಾಣದೊಳಕ್ಕೆ ಬಂದಿದೆ. ಸಖಿಯರಲ್ಲಿ ಒಬ್ಬಳು ಒಡತಿಯ ಕಾಲನ್ನು ಒರಸುವುದರಲ್ಲಿ ಮಗ್ನಳು; ಇನ್ನೊಬ್ಬಳು ಕಂಬದ ಹಿಂದಿನಿಂದ ಇಣುಕುತ್ತಾಳೆ. ಡಯಾನಾಳ ಪುಟ್ಟ ನಾಯಿ ಬೇಟೆಗಾರನ ದೊಡ್ಡ ನಾಯಿಯ ಮೇಲೆ ಬೊಗಳುತ್ತಿದೆ. ಕೊಳದ ಅಂಚಿನ ಮೇಲೆ ಗಾಜಿನ ಪಾತ್ರೆಯೊಂದು ಏನೂ ಆಗದಂತೆ ಹೊಳೆಯುತ್ತ ಕುಳಿತಿದೆ.

ಓವಿಡ್ಡನಲ್ಲಿ ಇಲ್ಲದ ಕೆಲವು ಸಂಗತಿಗಳು ಇಲ್ಲಿವೆ. ಅವುಗಳಲ್ಲಿಯೇ ಚಿತ್ರಕಾರನ ಮನಸ್ಸು ತಿಳಿಯುವುದು. ಕಾವ್ಯದಲ್ಲಿನ ಗುಹೆ ಪ್ರಕೃತಿಯೇ ಕಲೆಯನ್ನು ಅನುಕರಿಸಿ ಕಡೆದದ್ದು; ಚಿತ್ರದಲ್ಲಾದರೋ ಮನುಷ್ಯರು ಕಟ್ಟಿದ, ಈಗ ಶಿಥಿಲವಾಗುತ್ತಿರುವ ಕಮಾನು. ನಡುವೆ ನಿಂತ ಕಲ್ಲುಕಂಬದ ತುದಿಯಲ್ಲಿ ಜಿಂಕೆಯ ತಲೆಬುರುಡೆ. ಮೇಲೆ ತೂಗುಹಾಕಿದ ಮೃಗಗಳ ತೊಗಲು. ಬೇಟೆಯ ದೇವತೆಯ ತಾಣದಲ್ಲಿ ಇವು ಇರುವುದು ಸಹಜವೆಂದು ಮೊದಲು ತೋರುತ್ತದೆ. ಕಥೆ ಬಲ್ಲವನಿಗೆ ಮರುಕ್ಷಣವೇ ಮೈ ಜುಮ್ಮೆನ್ನುತ್ತದೆ. ಆ ಬುರುಡೆ ಆಕ್ಟಿಯನ್ನನಿಗೆ ಕಾದಿರುವ ಗತಿ. ಅವನು ಅದನ್ನು ನೋಡುತ್ತಿಲ್ಲ, ನಾವು ನೋಡುತ್ತಿದ್ದೇವೆ.

ಎಲ್ಲಕ್ಕಿಂತ ಮುಖ್ಯವಾದ ಸೇರ್ಪಡೆಯೆಂದರೆ ಆ ತೆರೆ. ಬಯಲಿನ ಕೊಳಕ್ಕೆ ತೆರೆಯೆಲ್ಲಿಂದ ಬರಬೇಕು? ನಾಟಕದಲ್ಲಿ ಪರದೆ ಸರಿದಂತೆ ಅದು ಸರಿದಿದೆ. ಆಕ್ಟಿಯನ್ನನಿಗೆ ಕಂಡ ನೋಟವೇ ಆ ಕ್ಷಣಕ್ಕೆ ನಮಗೂ ಕಾಣುತ್ತದೆ. ಅವನು ಅರಿಯದೆ ಬಂದವನು. ನಾವು ನೋಡಬೇಕೆಂದೇ ಬಂದವರು. ತಪ್ಪು ನೋಟದಲ್ಲಿದ್ದರೆ ನಮ್ಮ ತಪ್ಪು ಅವನದಕ್ಕಿಂತ ದೊಡ್ಡದಾಗಬೇಕು. ಆದರೆ ಶಿಕ್ಷೆ ಅವನೊಬ್ಬನಿಗೇ.

ಟಿಶಿಯನ್ ಆರಿಸಿಕೊಂಡ ಗಳಿಗೆಯನ್ನು ಗಮನಿಸಬೇಕು. ಈ ಕಥೆಯನ್ನು ಚಿತ್ರಿಸಿದವರು ಅನೇಕರು ಆಕ್ಟಿಯನ್ನನ ತಲೆಗೆ ಕೊಂಬು ಹಚ್ಚಿಯೇ ಬರೆದಿದ್ದಾರೆ. ನೋಡುವವನಿಗೆ ಗುರುತು ಸಿಕ್ಕಬೇಕಲ್ಲವೆ! ಟಿಶಿಯನ್ನನಿಗೆ ಅದು ಬೇಕಿಲ್ಲ. ಡಯಾನಾ ಇನ್ನೂ ನೀರನ್ನು ಎರಚಿಲ್ಲ. ಆಕ್ಟಿಯನ್ ಇನ್ನೂ ಚೆಲುವನಾದ ತರುಣ, ಮಾತು ಬಲ್ಲ ಮನುಷ್ಯ. ಶಿಕ್ಷೆ ನಿಶ್ಚಯವಾಗಿದೆ, ಆದರೆ ಶಿಕ್ಷಿತನಿಗೆ ಅದು ತಿಳಿದಿಲ್ಲ. ಕರುಣರಸವೆಂದರೆ ಕಣ್ಣೀರು, ರಕ್ತ ಎಂದು ತಿಳಿದವರಿಗೆ ಈ ಚಿತ್ರ ಒಂದು ಪಾಠ. ಇಲ್ಲಿ ಒಂದು ಹನಿಯೂ ಬಿದ್ದಿಲ್ಲ.

ನಮ್ಮ ಮಹಾಭಾರತದ ಪಾಂಡುರಾಜನ ಪ್ರಸಂಗ ವಾಚಕರಿಗೆ ಇಲ್ಲಿ ನೆನಪಾಗದಿರದು. ಅವನೂ ಬೇಟೆಗಾರ, ಜಿಂಕೆಯ ರೂಪದಲ್ಲಿ ಕೂಡಿದ್ದ ಕಿಂದಮ ಮುನಿಯನ್ನು ಅರಿಯದೆ ಹೊಡೆದು ಶಾಪಕ್ಕೆ ಗುರಿಯಾದನು. ಆದರೆ ಒಂದು ಅಂತರವುಂಟು. ಪಾಂಡು ಮುನಿಯೊಡನೆ ವಾದಿಸುತ್ತಾನೆ, ಬೇಟೆಯಾಡುವುದು ರಾಜಧರ್ಮವೆನ್ನುತ್ತಾನೆ, ಮುನಿಯೂ ಸಾಯುತ್ತ ಉತ್ತರ ಕೊಡುತ್ತಾನೆ. ಶಾಪ ತಪ್ಪದಿದ್ದರೂ ಮಾತಿಗೆ ಎಡೆಯುಂಟು. ಆಕ್ಟಿಯನ್ನನಿಂದ ಮೊದಲು ಕಿತ್ತುಕೊಂಡದ್ದೇ ಮಾತು. ಅರಿಯದೆ ಬಂದೆನೆಂದು ಹೇಳುವ ಬಾಯಿಯೇ ಇಲ್ಲದ ಮೇಲೆ ವಿಚಾರಣೆ ಎಲ್ಲಿಯದು?

ಓವಿಡ್ ಈ ಪ್ರಶ್ನೆಯನ್ನು ಮರೆಸಲಿಲ್ಲ. ಇದು ಅದೃಷ್ಟದ ದೋಷವೇ ಹೊರತು ಪಾಪವಲ್ಲವೆಂದು ಕಥೆಯ ಮೊದಲಲ್ಲೇ ಸೂಚಿಸುತ್ತಾನೆ. ಕಡೆಯಲ್ಲಿ, ದೇವತೆ ಅತಿ ಕ್ರೂರಿಯಾದಳೆಂದು ಕೆಲವರೂ ಅವಳ ಕನ್ಯಾವ್ರತಕ್ಕೆ ತಕ್ಕುದನ್ನೇ ಮಾಡಿದಳೆಂದು ಕೆಲವರೂ ಆಡಿಕೊಂಡರೆಂದು ಹೇಳಿ ಸುಮ್ಮನಾಗುತ್ತಾನೆ. ಆದರೆ ಕಾಲ ಅವನನ್ನು ಸುಮ್ಮನಿರಗೊಡಲಿಲ್ಲ. ಕ್ರಿ. ಶ. 8ರಲ್ಲಿ ಆಗಸ್ಟಸ್ ಚಕ್ರವರ್ತಿ ಅವನನ್ನು ರೋಮಿನಿಂದ ಹೊರದೂಡಿ ಕಪ್ಪು ಸಮುದ್ರದ ದಡದ ಟೋಮಿಸ್ ಎಂಬ ಊರಿಗೆ ಕಳುಹಿಸಿದನು. ತನ್ನನ್ನು ಕೆಡಿಸಿದ್ದು ಒಂದು ಕಾವ್ಯ ಮತ್ತು ಒಂದು ಪ್ರಮಾದ ಎಂದು ಕವಿ ಬರೆದುಕೊಂಡಿದ್ದಾನೆ. ಪ್ರಮಾದವೇನೆಂದು ಬಿಡಿಸಿ ಹೇಳಲಿಲ್ಲ; ತನ್ನ ಕಣ್ಣು ಏನನ್ನೋ ಕಂಡಿತೆಂದು ಮಾತ್ರ ಕೊರಗುತ್ತಾನೆ. ಅಲ್ಲಿಂದ ಚಕ್ರವರ್ತಿಗೆ ಬರೆದ ಬಿನ್ನಹದಲ್ಲಿ ಅವನು ತನಗೆ ಹೋಲಿಕೆಯಾಗಿ ತೆಗೆದುಕೊಂಡದ್ದು ಇದೇ ಆಕ್ಟಿಯನ್ನನನ್ನು. ತಾನು ಬರೆದ ಕಥೆಯೊಳಕ್ಕೆ ತಾನೇ ಬಿದ್ದ ಕವಿ ಅವನು. ಮತ್ತೆ ರೋಮನ್ನು ಕಾಣದೆ ಅಲ್ಲಿಯೇ ತೀರಿಕೊಂಡನು.

ಟಿಶಿಯನ್ನನಿಗೂ ಈ ಕಥೆ ಒಂದು ಚಿತ್ರಕ್ಕೆ ಮುಗಿಯಲಿಲ್ಲ. 1559ರ ಜೂನಿನಲ್ಲಿ ಫಿಲಿಪ್ಪನಿಗೆ ಬರೆದ ಪತ್ರದಲ್ಲಿ, ನಾಯಿಗಳು ಆಕ್ಟಿಯನ್ನನನ್ನು ಹರಿಯುವ ಚಿತ್ರವನ್ನು ತೊಡಗಿರುವುದಾಗಿ ತಿಳಿಸಿದನು. ಆ ಚಿತ್ರ ಸ್ಪೇನಿಗೆ ಹೋಗಲೇ ಇಲ್ಲ. 1576ರಲ್ಲಿ, ವೆನಿಸ್ಸಿನಲ್ಲಿ ಪ್ಲೇಗು ಹಬ್ಬಿದ್ದಾಗ, ಟಿಶಿಯನ್ ತೀರಿಕೊಂಡನು; ಅದು ಆಗಲೂ ಅವನ ಬಳಿಯೇ ಇತ್ತು. ಮುಗಿದಿದೆಯೋ ಇಲ್ಲವೋ ಎಂದು ಪಂಡಿತರು ಇಂದಿಗೂ ಚರ್ಚಿಸುತ್ತಾರೆ.

'ಆಕ್ಟಿಯನ್ನನ ಸಾವು' ಎಂಬ ಈ ಚಿತ್ರದಲ್ಲಿ ಮೊದಲಿನ ಹೊಳಪೇ ಇಲ್ಲ. ತೆರೆಯ ಕೆಂಪು, ಗಾಜಿನ ಮಿಂಚು ಎಲ್ಲವೂ ಅಡಗಿ, ಕಂದುಬಣ್ಣದ ಕಾಡು ಕವಿದಿದೆ. ಕಡೆಗಾಲದಲ್ಲಿ ಟಿಶಿಯನ್ ಕುಂಚಕ್ಕಿಂತ ಬೆರಳಿನಿಂದಲೇ ಹೆಚ್ಚಾಗಿ ಬಣ್ಣ ಹಚ್ಚುತ್ತಿದ್ದನೆಂದು ಅವನ ಬಳಿಯಿದ್ದ ಕಿರಿಯ ಚಿತ್ರಕಾರನೊಬ್ಬನು ಹೇಳಿದ ಮಾತು ಇಲ್ಲಿ ನಂಬುವಂತಿದೆ. ಡಯಾನಾ ಎಡಗಡೆಯಲ್ಲಿ ನಮಗೆ ಹತ್ತಿರವಾಗಿ, ಭಾರಿಯಾಗಿ ನಿಂತು ಬಿಲ್ಲನ್ನು ಮುಂದಕ್ಕೆ ಚಾಚಿದ್ದಾಳೆ, ಬಿಲ್ಲಿಗೆ ಹೆದೆಯಿಲ್ಲ. ದೂರದಲ್ಲಿ ಆಕ್ಟಿಯನ್, ಮೈ ಇನ್ನೂ ಮನುಷ್ಯನದು, ತಲೆ ಆಗಲೇ ಜಿಂಕೆಯದು. ಮೊದಲ ಚಿತ್ರದಲ್ಲಿ ಮುಂದೆ ನಿಂತಿದ್ದವನು ಇಲ್ಲಿ ಚಿಕ್ಕವನಾಗಿ ಹಿಂದೆ ಸರಿದಿದ್ದಾನೆ. ಓವಿಡ್ಡನ ಕಥೆಯಲ್ಲಿ ಅವನು ಸಾಯುವೆಡೆಗೆ ದೇವತೆ ಬರುವುದೇ ಇಲ್ಲ. ಟಿಶಿಯನ್ ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿದನು. ನಾಯಿಗಳ ಮರೆಯಲ್ಲಿ ಶಿಕ್ಷೆಯ ಹೊಣೆ ಅಡಗಿಹೋಗಬಾರದೆಂದು ಹೀಗೆ ಮಾಡಿದನೆಂದು ನನಗೆ ತೋರುತ್ತದೆ. ದೊರೆಗೆ ನೀತಿ ಹೇಳುವ ಉದ್ದೇಶ ಅವನಿಗಿತ್ತೆಂದು ನಾನು ಹೇಳಲಾರೆ. ಆದರೂ ಅರಮನೆಗೆ ಕಳುಹಿಸಿದ ಚಿತ್ರದಲ್ಲಿ ಅಧಿಕಾರದ ಕೋಪವನ್ನು ಕಣ್ಣಿನಲ್ಲಿ ಮಾತ್ರ ತೋರಿಸಿ, ತನ್ನಲ್ಲೇ ಉಳಿದ ಚಿತ್ರದಲ್ಲಿ ಅದರ ಫಲವನ್ನು ತೋರಿಸಿದ್ದಾನೆಂಬುದು ನಮ್ಮ ಕಣ್ಣೆದುರಿಗಿದೆ.

ಒಬ್ಬ ದೊರೆಯ ಕಣ್ಣಿಗೆಂದು ಬರೆದ ಆ ಮೊದಲ ಚಿತ್ರದ ಮುಂದಿನ ಕಥೆಯೂ ಕೇಳತಕ್ಕದ್ದೇ. ಸ್ಪೇನಿನ ಅರಮನೆಯಿಂದ ಹದಿನೆಂಟನೆಯ ಶತಮಾನದ ಮೊದಲಲ್ಲಿ ಅದು ಫ್ರಾನ್ಸಿಗೆ ಉಡುಗೊರೆಯಾಗಿ ಹೋಗಿ ಓರ್ಲಿಯಾನ್ಸ್ ಮನೆತನವನ್ನು ಸೇರಿತು. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಆ ಸಂಗ್ರಹ ಚೆದರಿ, 1798ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಸಿರಿವಂತರ ಕೈಗೆ ಬಂತು. ಕಡೆಗೆ 2009ರಲ್ಲಿ ಲಂಡನ್ ಹಾಗೂ ಸ್ಕಾಟ್ಲೆಂಡಿನ ರಾಷ್ಟ್ರೀಯ ಚಿತ್ರಶಾಲೆಗಳು ಸೇರಿ ಅದನ್ನು 5 ಕೋಟಿ ಪೌಂಡಿಗೆ ಕೊಂಡವು. 'ಆಕ್ಟಿಯನ್ನನ ಸಾವು' ಅದಕ್ಕೂ ಮೊದಲೇ, 1972ರಲ್ಲಿ, ಸಾರ್ವಜನಿಕರ ಚಂದಾಹಣದ ನೆರವಿನಿಂದ ಲಂಡನ್ ಚಿತ್ರಶಾಲೆಗೆ ಸೇರಿತ್ತು. ಇಂದು ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ಒಳಗೆ ಬಂದು, ಕಾಸು ಕೊಡದೆ, ಡಯಾನಾಳ ಎದುರಿಗೆ ನಿಲ್ಲಬಹುದು.

2020ರ ಮಾರ್ಚಿಯಲ್ಲಿ, ನಾನೂರಕ್ಕೂ ಹೆಚ್ಚು ವರ್ಷಗಳ ಮೇಲೆ, ಆರು 'ಕಾವ್ಯ'ಗಳನ್ನೂ ಲಂಡನ್ನಿನಲ್ಲಿ ಒಂದುಗೂಡಿಸಿ ಪ್ರದರ್ಶಿಸಿದರು; ಜೊತೆಯಲ್ಲಿ 'ಆಕ್ಟಿಯನ್ನನ ಸಾವು' ಕೂಡ ಇತ್ತು. ಕೆಲವೇ ದಿನಗಳಲ್ಲಿ ಕೊರೋನಾ ಸೋಂಕಿನ ಕಾರಣದಿಂದ ಬಾಗಿಲು ಮುಚ್ಚಬೇಕಾಯಿತು. ಚಿತ್ರಕಾರನು ತೀರಿಹೋದ ಪ್ಲೇಗಿನ ವರ್ಷವನ್ನು ಬಲ್ಲವರಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಜುಲೈಯಲ್ಲಿ ಬಾಗಿಲು ಮತ್ತೆ ತೆರೆಯಿತು. ಒಳಗೆ ಹೋದವರಿಗೆ ಆ ತೆರೆ ಸರಿದೇ ಇತ್ತು, ತರುಣನ ಕೈ ಎತ್ತಿದಂತೆಯೇ ಇತ್ತು. ನೀರು ಇನ್ನೂ ಕೊಳದಲ್ಲಿಯೇ ಇತ್ತು.