ಸಹಿ ಹಾಕುವ ಅರ್ಹತೆ

ಗೆಂಡೆಹಳ್ಳಿಯ ಸುತ್ತಲಿನ ನಮ್ಮ ಮನೆಗಳ ಮಕ್ಕಳಿಗೆ ಬೇಲೂರು ಸಂತೆಯ ಊರು, ಬಸ್ಸು ಬದಲಿಸುವ ಊರು. ಚೆನ್ನಕೇಶವ ದೇವಾಲಯದ ಕುರಿತು ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ಅವರು ಎರಡು ಸಂಗತಿಗಳನ್ನು ಬಾಯಿಪಾಠ ಒಪ್ಪಿಸುತ್ತಾರೆ: ಕಟ್ಟಿಸಿದವನು ವಿಷ್ಣುವರ್ಧನ, ವರ್ಷ 1117. ಅದು ಯಾವ ಕಲ್ಲು, ಒಬ್ಬ ಶಿಲ್ಪಿಯ ಕೈಯನ್ನು ಇನ್ನೊಬ್ಬನ ಕೈಯಿಂದ ಹೇಗೆ ಗುರುತಿಸುವುದು ಎಂದು ಕೇಳಿದರೆ ಮೌನ. ‘ಅದು ವಿಗ್ರಹಗಳ ವಿಷಯ, ನಮಗೇಕೆ?’ ಎಂಬ ಹಿರಿಯರ ಮಾತು ಆ ಮೌನಕ್ಕೆ ಆಸರೆಯಾಗುತ್ತದೆ. ಕಲೆಯನ್ನು ಪರೀಕ್ಷಿಸಿ ಅರಿಯುವ ವಿದ್ಯೆ ಮುಸ್ಲಿಮರಿಗೆ ಹೊರಗಿನದು ಎಂಬ ಈ ಭಾವನೆಗೆ ಇತಿಹಾಸದಲ್ಲಿ ಆಧಾರವಿಲ್ಲ.

ಅರಬಿ ಲಿಪಿಕಲೆಯನ್ನೇ ತೆಗೆದುಕೊಳ್ಳಿರಿ. ಕ್ರಿ.ಶ. 940ರಲ್ಲಿ ನಿಧನನಾದ ಬಗ್ದಾದಿನ ವಜೀರ ಇಬ್ನು ಮುಖ್ಲಾ ಅಕ್ಷರಗಳ ಸೌಂದರ್ಯವನ್ನು ಅಳತೆಗೆ ತಂದವನೆಂದು ಪ್ರಸಿದ್ಧನು. ಬಿದಿರಿನಂತಹ ಜೊಂಡಿನ ಲೇಖನಿಯ ತುದಿಯನ್ನು ಒಮ್ಮೆ ಒತ್ತಿದಾಗ ಮೂಡುವ ವಜ್ರಾಕಾರದ ಚುಕ್ಕೆಯೇ ಅಲ್ಲಿ ಅಳತೆಗೋಲು. ಅಲಿಫ್ ಇಂತಿಷ್ಟು ಚುಕ್ಕೆಗಳ ಎತ್ತರ, ಉಳಿದ ಅಕ್ಷರಗಳು ಅದರ ಪ್ರಮಾಣಕ್ಕೆ ತಕ್ಕಂತೆ. ಆದುದರಿಂದ ‘ಚೆನ್ನಾಗಿದೆ’ ಎಂಬ ಬರಿಯ ಮೆಚ್ಚುಗೆಗೆ ಉಸ್ತಾದರ ಬಳಿ ಬೆಲೆಯಿರಲಿಲ್ಲ. ಯಾವ ಅಕ್ಷರ ಎಲ್ಲಿ ಅಳತೆ ಮೀರಿದೆಯೆಂದು ಹೇಳಬೇಕಿತ್ತು. ಮುಂದೆ ಉಸ್ಮಾನೀ ತುರ್ಕಿಯಲ್ಲಿ ಈ ಪರೀಕ್ಷೆ ಒಂದು ಕ್ರಮವನ್ನೇ ಪಡೆಯಿತು. ಶಿಷ್ಯನು ಹಿಂದಿನ ಮಹಾ ಖತ್ತಾತನೊಬ್ಬನ ಬರಹವನ್ನು ನಕಲು ಮಾಡಿ ಮುಂದಿಡುವನು. ಉಸ್ತಾದರು ಒಪ್ಪಿದರೆ ಅದೇ ಹಾಳೆಯಲ್ಲಿ ಇಜಾಝತ್ ಬರೆಯುವರು. ಅಲ್ಲಿಯವರೆಗೆ ತನ್ನ ಬರಹದ ಕೆಳಗೆ ‘ಕತಬಹು’, ಅಂದರೆ ‘ಇದನ್ನು ಬರೆದವನು’ ಎಂದು ಹೆಸರು ಹಾಕುವ ಹಕ್ಕು ಅವನಿಗಿರಲಿಲ್ಲ. ಹದೀಸ್ ಪಾಠದ ಇಜಾಝತನ್ನು ಬಲ್ಲವರಿಗೆ ಈ ಪದ್ಧತಿ ಹೊಸದೆನಿಸದು.

ಅಕ್ಬರನ ಕಾಲದಲ್ಲಿ ಚಿತ್ರಕಾರರ ಕೆಲಸವನ್ನು ವಾರಕ್ಕೊಮ್ಮೆ ಬಾದಶಹನ ಮುಂದಿಡುತ್ತಿದ್ದರೆಂದು ಅಬುಲ್ ಫಝಲ್ ಬರೆದಿದ್ದಾನೆ. ಜಹಾಂಗೀರನಂತೂ, ಹೆಸರು ಹೇಳದೆ ಚಿತ್ರ ತೋರಿಸಿದರೂ ಬರೆದವನು ಯಾರೆಂದು ಹೇಳಬಲ್ಲೆ, ಒಂದೇ ಮುಖದಲ್ಲಿ ಕಣ್ಣು ಹುಬ್ಬುಗಳು ಬೇರೊಬ್ಬನ ಕೆಲಸವಾಗಿದ್ದರೆ ಅದನ್ನೂ ಕಂಡುಹಿಡಿಯಬಲ್ಲೆ ಎಂದು ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಸ್ವಲ್ಪ ಜಂಭವೂ ಇರಬಹುದು. ಆದರೆ ಕಿವಿ, ಬೆರಳುಗಳಂತಹ ಸಣ್ಣ ಅಂಗಗಳಿಂದ ಕಲಾವಿದನನ್ನು ಗುರುತಿಸುವ ವಿಧಾನವನ್ನು ಇಟಲಿಯ ಮೊರೆಲ್ಲಿ ಯುರೋಪಿನಲ್ಲಿ ಮಂಡಿಸಿದ್ದು 19ನೆಯ ಶತಮಾನದಲ್ಲಿ.

ಇದೇ ಕಣ್ಣಿನಿಂದ ನಮ್ಮ ನೆರೆಯ ಕಲ್ಲುಗಳನ್ನು ನೋಡೋಣ. ಭಾರತದ ಪ್ರಾಚೀನ ಶಿಲ್ಪಿಗಳಲ್ಲಿ ಹೆಚ್ಚಿನವರು ಅನಾಮಧೇಯರು; ಹೊಯ್ಸಳ ಶಿಲ್ಪಿಗಳಲ್ಲಿ ಹಲವರು ಹೆಸರು ಕೆತ್ತಿ ಹೋಗಿದ್ದಾರೆ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜನೂ ಅವನ ಮಗ ಚಾವಣನೂ ಇದ್ದಾರೆ. 1246ರ ನುಗ್ಗೇಹಳ್ಳಿಯಲ್ಲಿ ಬೈಚೋಜನೊಂದಿಗೆ ಮಲ್ಲಿತಮ್ಮನಿದ್ದಾನೆ. 1258ರ ಸೋಮನಾಥಪುರದಲ್ಲಿಯೂ ಅದೇ ಮಲ್ಲಿತಮ್ಮ. ಸಹಿಯಿರುವ ಕೃತಿಯಲ್ಲಿ ಕಣ್ಣು ಪಳಗಿದರೆ ಸಹಿಯಿಲ್ಲದ್ದನ್ನು ಊಹಿಸುವ ಧೈರ್ಯ ಬರುತ್ತದೆ. ಅದೇ 1258ರಲ್ಲಿ ಮಂಗೋಲರು ಬಗ್ದಾದನ್ನು ಹಾಳುಗೆಡವಿದರು. ಕೊನೆಯ ಖಲೀಫನ ಆಶ್ರಯದಲ್ಲಿದ್ದ ಮಹಾ ಖತ್ತಾತ್ ಯಾಖೂತ್ ಆ ವಿನಾಶದಿಂದ ಬದುಕುಳಿದು 1298ರವರೆಗೆ ಬಾಳಿದನು. ಅವನೂ ಮಲ್ಲಿತಮ್ಮನೂ ಸಮಕಾಲೀನರೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಒಂದೇ ಪುಟದಲ್ಲಿ ಹೇಳಿದ್ದರೆ ಚೆನ್ನಾಗಿತ್ತು.

ಜೀವಿಗಳ ರೂಪ ರಚಿಸುವುದರ ಬಗ್ಗೆ ಹದೀಸ್‌ಗಳಲ್ಲಿ ಕಠಿಣ ಎಚ್ಚರಿಕೆಯಿದೆ. ಅದನ್ನು ಸಡಿಲಿಸುವುದು ಈ ಬರಹದ ಉದ್ದೇಶವಲ್ಲ. ಚಿತ್ರ ರಚನೆಯಿಂದಲೇ ಹೊಟ್ಟೆ ಹೊರೆಯುತ್ತಿದ್ದವನೊಬ್ಬನು ಬಂದು ಕೇಳಿದಾಗ ಇಬ್ನು ಅಬ್ಬಾಸ್(ರ) ಅವನಿಗೆ ಮರಗಳನ್ನೂ ನಿರ್ಜೀವ ವಸ್ತುಗಳನ್ನೂ ರಚಿಸುವ ದಾರಿ ತೋರಿದರು. ಕುಶಲತೆಯನ್ನೇ ಬಿಟ್ಟುಬಿಡೆಂದು ಹೇಳಲಿಲ್ಲ. ಪೂಜಿಸುವುದು ಬೇರೆ, ರಚಿಸುವುದು ಬೇರೆ, ನೋಡಿ ಅರಿಯುವುದು ಬೇರೆ. ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದ ನಮ್ಮ ಮಕ್ಕಳು ಕಳೆದುಕೊಂಡದ್ದೇ ಹೆಚ್ಚು. 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ದ್ವಾರಸಮುದ್ರದ ಮೇಲೆ, ಅಂದರೆ ಇಂದಿನ ಹಳೇಬೀಡಿನ ಮೇಲೆ ಬಿದ್ದು ಸಂಪತ್ತನ್ನು ದೆಹಲಿಗೆ ಒಯ್ದ ಸಂಗತಿಯನ್ನೂ ಅವರು ಓದಬೇಕು, ನಮ್ಮಿಂದಲೇ ಕೇಳಬೇಕು.

ಬೇಲೂರಿನ ನವರಂಗದ ಜಾಲಂಧ್ರಗಳು ಕಲಿಯುವವನಿಗೆ ಒಳ್ಳೆಯ ಪ್ರಶ್ನೆಪತ್ರಿಕೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಒಡ್ಡಿದಂತೆ ಗಟ್ಟಿ. ಅದಕ್ಕಾಗಿಯೇ ಅಷ್ಟು ನವಿರಾದ ಕೆತ್ತನೆ ಸಾಧ್ಯವಾಯಿತು. ಕೆಲವು ಜಾಲಂಧ್ರಗಳಲ್ಲಿ ಪುರಾಣದ ದೃಶ್ಯಗಳಿವೆ, ಉಳಿದವುಗಳಲ್ಲಿ ಬರಿಯ ರೇಖಾಗಣಿತ. ಆ ಎರಡನೆಯ ಬಗೆಯ ಮುಂದೆ ಮಗುವನ್ನು ನಿಲ್ಲಿಸಿ, ಬಿಜಾಪುರದ ಇಬ್ರಾಹೀಂ ರೋಜಾದ ಕಿಟಕಿಯ ಚಿತ್ರವೊಂದನ್ನು ಕೈಗಿಡಿರಿ. 1627ರಲ್ಲಿ ತೀರಿಕೊಂಡ ಎರಡನೆಯ ಇಬ್ರಾಹೀಂ ಆದಿಲ್‌ಶಾಹನ ಗೋರಿ ಅದು. ಲಿಪಿಕಾರ ಖಲೀಲುಲ್ಲಾಹನಿಗೆ ‘ಲೇಖನಿಯ ಬಾದಶಹ’ ಎಂಬ ಬಿರುದು ಕೊಟ್ಟವನೂ ಇವನೇ. ಎರಡೂ ಕಡೆ ಕಲ್ಲಿನಲ್ಲಿ ಬೆಳಕಿಗೆ ದಾರಿ ಕೊರೆದಿದ್ದಾರೆ. ಬೇಲೂರಿನಲ್ಲಿ ಬೆಳಕು ಜಾಲದ ಕಣ್ಣುಗಳೊಳಗಿನಿಂದ ಬರುತ್ತದೆ. ಬಿಜಾಪುರದಲ್ಲಿ ಅಕ್ಷರಗಳನ್ನೇ ಜಾಲವಾಗಿಸಿ, ಅವುಗಳ ನಡುವಿನ ಕಲ್ಲನ್ನು ಪೂರ್ತಿ ಕೊರೆದು ತೆಗೆದಿದ್ದಾರೆ.