ಮರದ ಹಲಗೆಯ ಅಕ್ಷರವೂ ಉಳಿಯ ಆಯ್ಕೆಯೂ

ಅಚ್ಚಿನ ಹಲಗೆಯಲ್ಲಿ ಒರಟಾದ ಅಕ್ಷರವನ್ನು ಕಂಡೊಡನೆ ಅದನ್ನು ಲಿಪಿಕಾರನ ಶೈಲಿಯೆಂದು ಹೇಳಿಬಿಡುವುದು ಆತುರದ ಮಾತೆಂದು ನಮಗೆ ತೋರುತ್ತದೆ. ಬರೆದ ಕೈ ಒಂದು, ಕೆತ್ತಿದ ಕೈ ಇನ್ನೊಂದು. ಕೊರಿಯದ ಹೇಇನ್ಸಾ ವಿಹಾರದಲ್ಲಿರುವ ಬೌದ್ಧ ತ್ರಿಪಿಟಕದ ಹಲಗೆಗಳನ್ನೇ ನೋಡಬಹುದು. ಹಿಂದಿನ ಹಲಗೆಗಳು 1232ರಲ್ಲಿ ಮಂಗೋಲರ ದಾಳಿಗೆ ಸಿಕ್ಕಿ ಸುಟ್ಟುಹೋದ ಮೇಲೆ, 1237ರಿಂದ 1248ರವರೆಗೆ 80,000ಕ್ಕೂ ಮಿಕ್ಕ ಹಲಗೆಗಳನ್ನು ಎರಡು ಮಗ್ಗುಲಲ್ಲಿಯೂ ಹೊಸದಾಗಿ ಕೆತ್ತಲಾಯಿತು.

ಇಲ್ಲಿ ಅಕ್ಷರವಿರುವುದು ತಗ್ಗಿನಲ್ಲಲ್ಲ, ಉಬ್ಬಿನಲ್ಲಿ. ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗಿ. ಪೂರ್ವ ಏಷ್ಯದ ಪದ್ಧತಿಯಂತೆ, ತೆಳುಕಾಗದದಲ್ಲಿ ಬರೆದ ಪಾಠವನ್ನು ಹಲಗೆಗೆ ಬೋರಲಾಗಿ ಅಂಟಿಸಿ, ಗೆರೆಯ ಅಂಚನ್ನು ಚೂಪುಕತ್ತಿಯಿಂದ ಕೊಯ್ಯುತ್ತಿದ್ದರು. ದುಂಡುಬಾಯಿಯ ಉಳಿಗೆ ಅಕ್ಷರವನ್ನು ಮುಟ್ಟುವ ಅಧಿಕಾರವೇ ಇಲ್ಲ. ಸುತ್ತಣ ಬೇಡದ ಮರವನ್ನು ತೆಗೆಯುವುದಷ್ಟೇ ಅದರ ಕೆಲಸ. ಸಾಲುಗಳ ನಡುವಣ ಬಯಲಿಗೆ ಅಗಲವಾದ ಉಳಿ ಒಪ್ಪುತ್ತದೆ, ಗೆರೆಗಳ ಸಂದಿಗೆ ಕಿರಿದಾದುದು. ದುಂಡುಬಾಯಿಯೇ ಏಕೆ? ಚಪ್ಪಟೆ ಉಳಿಯ ಮೂಲೆಗಳು ಮರದೊಳಕ್ಕೆ ಹೊಕ್ಕು ಎಳೆಯನ್ನು ಸೀಳಬಲ್ಲವು. ಬಾಗಿದ ಬಾಯಿಯ ಮೂಲೆಗಳು ಮರದಿಂದ ಮೇಲೆ ನಿಲ್ಲುತ್ತವೆ. ಆದರೂ ಕೈ ಜಾರಿದರೆ ಅಕ್ಷರ ಹೋಯಿತು. ಆ ಭಾಗವನ್ನು ಕಿತ್ತು, ಬೇರೆ ಮರದ ತುಂಡನ್ನು ಕೂರಿಸಿ ಮತ್ತೆ ಕೆತ್ತಬೇಕು. ಆದುದರಿಂದ ಅಂಚಿನ ಕೊಯ್ತವನ್ನೂ ತಳದ ಉಳಿಗುರುತನ್ನೂ ಸಂಶೋಧಕರು ಬೇರೆಬೇರೆಯಾಗಿಯೇ ಪರಿಶೀಲಿಸಬೇಕಾಗಿದೆ.

ತಗ್ಗುಗೆತ್ತನೆಯ ನಾಮಫಲಕದಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಅಲ್ಲಿ ಉಳಿ ಅಕ್ಷರದೊಳಕ್ಕೇ ಇಳಿಯುವುದರಿಂದ ಉಳಿಯ ಬಾಗೇ ಅಕ್ಷರದ ಬಾಗಾಗುತ್ತದೆ. ನೆಟ್ಟಗೆರೆಗಳೇ ಹೆಚ್ಚಾದ ರೋಮನ್ ದೊಡ್ಡಕ್ಷರಗಳಿಗೆ ಚಪ್ಪಟೆ ಉಳಿ ಬಹುಮಟ್ಟಿಗೆ ಸಾಲುತ್ತದೆ. ದುಂಡುದುಂಡಾದ ನಮ್ಮ ಕನ್ನಡ ಅಕ್ಷರಗಳಿಗೆ ಸಾಲದು.