ಬಡ್ತಿ ತಪ್ಪಿದ ಮೇಷ್ಟ್ರು ಮತ್ತು ಅಪ್ರೈಸಲ್ ಪುರಾಣ

ಮಾರ್ಚ್ ಮುಗಿಯಿತೆಂದರೆ ಪುಣೆಯಲ್ಲಿ ಎರಡು ಬಗೆಯ ಬಿಸಿ. ಒಂದು ಬಿಸಿಲಿನದು, ಇನ್ನೊಂದು ಅಪ್ರೈಸಲಿನದು! ಹಿಂಜವಡಿಯ ಗಾಜಿನ ಕಟ್ಟಡಗಳ ಮಾತು ಬಿಡಿ, ಅಲ್ಲಿ ಅದಕ್ಕೆಂದೇ ಒಂದು ವಿಭಾಗ ಇರುತ್ತದೆ. ಭೋಸರಿ, ಚಿಂಚವಡದ ಇಪ್ಪತ್ತು ಮೂವತ್ತು ಜನರ ವರ್ಕ್‌ಶಾಪುಗಳಲ್ಲಿ ಮಾಲೀಕನೇ ಮ್ಯಾನೇಜರು, ಅವನೇ ಎಚ್ಚಾರು. ಅಲ್ಲಿ ದುಡಿಯುವ ನಮ್ಮ ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಹುಡುಗರಿಗೆ ವರ್ಷದ 'ರಿಪೋರ್ಟ್' ಏನಿತ್ತು ಅಂತ ಗೊತ್ತಾಗುವುದು ಏಪ್ರಿಲ್ ಪಗಾರ ಎಣಿಸಿದಾಗಲೇ. "ತಪ್ಪಾಗಿದ್ರ ಅವಾಗ್ಲೇ ಹೇಳಬೇಕಿತ್ರಿ ಸಾಹೇಬ್ರ" ಎಂಬ ಮಾತನ್ನು ಈ ಊರಿನ ಮೂವತ್ತು ವರ್ಷಗಳಲ್ಲಿ ಅದೆಷ್ಟು ಸಲ ಕೇಳಿದ್ದೇನೋ.

ಹೀಗೆ ಬಡ್ತಿ ತಪ್ಪಿಸಿಕೊಂಡವರಲ್ಲಿ ನಮ್ಮವರೇ ಒಬ್ಬರಿದ್ದಾರೆ. 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್. ಚಿತ್ರ ಬರೆಯುವ ಹುಚ್ಚಿಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಕಣ್ಣಿಗೆ ಬಣ್ಣಗಳು ಸರಿಯಾಗಿ ಹತ್ತುವುದಿಲ್ಲ ಎಂದು ಗೊತ್ತಾದ ಮೇಲೆ ಯಂತ್ರಗಳ ನಕ್ಷೆ ಬಿಡಿಸುವುದನ್ನು ಕಲಿತು, ಅಲ್ಲಿನ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಮೇಷ್ಟ್ರಾದರು. ಬಡ್ತಿಯ ಸರದಿ ಬಂದಾಗ ಅದು ಅವರನ್ನು ದಾಟಿ ಒಬ್ಬ ಆಂಗ್ಲೋ-ಇಂಡಿಯನ್‌ಗೆ ಹೋಯಿತು. ಕೆಲಸ ನೋಡಿ ಕೊಟ್ಟದ್ದೋ ಬಣ್ಣ ನೋಡಿ ಕೊಟ್ಟದ್ದೋ, ನೀವೇ ಊಹಿಸಿ. ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದು ಅಣ್ಣನ ಜೊತೆ ಸೈಕಲ್ ಅಂಗಡಿ ನಡೆಸಿದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆ ಎಂದು ರೈತರು ಹೆದರಿದ್ದರಿಂದ ಮೊದಲ ನೇಗಿಲು ಮಾರಲು ಎರಡು ವರ್ಷ ಬೇಕಾಯಿತಂತೆ.

1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕುಂಡಲ ರೋಡ್ ಸ್ಟೇಷನ್ ಹತ್ತಿರ ಕೊಟ್ಟ, ಕಳ್ಳಿ ಮತ್ತು ಹಾವು ತುಂಬಿದ್ದ ಜಮೀನಿನಲ್ಲಿ 25 ಕೆಲಸಗಾರರ ಕುಟುಂಬಗಳೊಂದಿಗೆ ಕಿರ್ಲೋಸ್ಕರವಾಡಿ ಶುರುವಾಯಿತು. (ನಮ್ಮ ಖಡಕಿಯ ಆಯಿಲ್ ಇಂಜಿನ್ ಕಾರ್ಖಾನೆ 1946ರ ಮಾತು, ಆಗ ಮಗ ಶಂತನುರಾಯರ ಕಾಲ.) ಅಲ್ಲಿ ಯಾರನ್ನು ಸೇರಿಸಿಕೊಂಡರು ನೋಡಿ. ಶಾಲೆ ಅರ್ಧಕ್ಕೆ ಬಿಟ್ಟವರು ಇಂಜಿನಿಯರ್ ಕೆಲಸ ಮಾಡಿದರು, ಒಂದು ಕಾಲದಲ್ಲಿ ದರೋಡೆಗೆ ಹೆಸರಾದವರು ಕಾವಲಿಗೆ ನಿಂತರು! ಕಾಗದದ ಮೇಲಿನ ರಿಪೋರ್ಟ್ ನೋಡಿ ಆರಿಸಿದ್ದರೆ ಇವರಲ್ಲಿ ಒಬ್ಬರಿಗೂ ಗೇಟಿನೊಳಗೆ ಪ್ರವೇಶ ಸಿಗುತ್ತಿರಲಿಲ್ಲ. ಮಾಲೀಕ ದಿನವೂ ಕೆಲಸಗಾರನ ಪಕ್ಕದಲ್ಲೇ ಇರುವ ಜಾಗದಲ್ಲಿ ಮಾತ್ರ ಇಂಥದ್ದು ಸಾಧ್ಯ ಎಂದು ನನಗನಿಸುತ್ತದೆ. ಸಣ್ಣ ಕಂಪನಿಗೆ ಇರುವ ದೊಡ್ಡ ಅನುಕೂಲವೂ ಅದೇ.

ಅಂದ ಹಾಗೆ, ಕಾರ್ಖಾನೆಯಲ್ಲಿ ರೇಟಿಂಗ್ ಎನ್ನುವುದು ಅಮೆರಿಕದ ಸಾಫ್ಟ್‌ವೇರ್ ಜನ ತಂದದ್ದಲ್ಲ. ಸುಮಾರು ಇನ್ನೂರು ವರ್ಷಗಳ ಹಿಂದೆ ಸ್ಕಾಟ್ಲೆಂಡಿನ ನ್ಯೂ ಲನಾರ್ಕ್ ಹತ್ತಿ ಗಿರಣಿಯಲ್ಲಿ ರಾಬರ್ಟ್ ಓವೆನ್ ಪ್ರತಿ ಕೆಲಸಗಾರನ ಹತ್ತಿರ ನಾಲ್ಕು ಬಣ್ಣದ ಮರದ ತುಂಡೊಂದನ್ನು ತೂಗುಹಾಕಿಸಿದ್ದ. ಕಪ್ಪು ಎಂದರೆ ಕೆಟ್ಟದ್ದು, ನೀಲಿ ಸಾಧಾರಣ, ಹಳದಿ ಒಳ್ಳೆಯದು, ಬಿಳಿ ಅತ್ಯುತ್ತಮ. ನಿನ್ನೆಯ ಕೆಲಸಕ್ಕೆ ತಕ್ಕ ಬಣ್ಣ ಇಂದು ಮುಂದೆ ಕಾಣುತ್ತಿತ್ತು. ಎಲ್ಲರೆದುರು ಹೀಗೆ ಕಪ್ಪು ಬಣ್ಣ ತೋರಿಸುವುದು ನನಗೆ ಹಿಡಿಸುವುದಿಲ್ಲ. ಆದರೆ ಬಣ್ಣ ಸರಿಯಿಲ್ಲ ಎನಿಸಿದರೆ ಕೆಲಸಗಾರ ನೇರ ಓವೆನ್ ಬಳಿ ಹೋಗಿ ದೂರಬಹುದಿತ್ತು.

ನಮ್ಮ ಸರ್ಕಾರಿ ಕಚೇರಿಗಳಲ್ಲಿ ಇದಕ್ಕೆ ಪೂರಾ ಉಲ್ಟಾ, ಗೋಪ್ಯ ವರದಿ. ಸಿ.ಆರ್. ಅಂದರೆ ಸಾಕು, ನಮ್ಮ ಅಪ್ಪ-ಕಾಕಾಗಳ ತಲೆಮಾರು ನಡುಗುತ್ತಿತ್ತು. ಗಡಿ ರಸ್ತೆ ಸಂಸ್ಥೆಯ ದೇವ್ ದತ್ ಎಂಬ ಇಂಜಿನಿಯರಿಗೆ 1993-94ರ ವರದಿಯಲ್ಲಿ 'ಗುಡ್' ಎಂದು ಬರೆದಿದ್ದರು. ಬಡ್ತಿಗೆ ಬೇಕಾಗಿದ್ದದ್ದು ಐದು ವರ್ಷ 'ವೆರಿ ಗುಡ್'! ಕೆಟ್ಟ ಷರಾ ಅಲ್ಲವಲ್ಲ ಎಂದು ಆ 'ಗುಡ್' ಅನ್ನು ಅವರಿಗೆ ತಿಳಿಸಿರಲೇ ಇಲ್ಲ. ಬಡ್ತಿ ಕೈತಪ್ಪಿತು. 2008ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಬರೆದ ಪ್ರತಿ ಷರಾವನ್ನೂ ನೌಕರನಿಗೆ ತಿಳಿಸಬೇಕು, ಆಕ್ಷೇಪಣೆಗೆ ಅವಕಾಶ ಕೊಡಬೇಕು ಎಂದು ತೀರ್ಪಿತ್ತಿತು. ಮರುವರ್ಷ ಕೇಂದ್ರ ಸರ್ಕಾರ ವರದಿಯ ಹೆಸರಿನಿಂದ 'ಗೋಪ್ಯ' ಎಂಬ ಪದವನ್ನೇ ತೆಗೆದುಹಾಕಿತು. ಆ ತೀರ್ಪು ಸರ್ಕಾರಿ ನೌಕರರದು, ಭೋಸರಿಯ ಶೆಡ್ಡಿಗೆ ಅನ್ವಯಿಸುವುದಿಲ್ಲ ಅನ್ನಿ. ಆದರೆ ಅಲ್ಲಿನ ಹುಡುಗನ ನೋವೂ ಅದೇ ತಾನೆ?

ಇನ್ನು ಬೆಲ್ ಕರ್ವ್. 1981ರಲ್ಲಿ ಇದೇ ಪುಣೆಯಲ್ಲಿ ಏಳು ಜನ ಸೇರಿ ಶುರು ಮಾಡಿದ ಇನ್ಫೋಸಿಸ್ ದೊಡ್ಡದಾದ ಮೇಲೆ ಈ ಕರ್ವ್ ಹಿಡಿಯಿತು, 2015ರಲ್ಲಿ ಕೈಬಿಟ್ಟಿತು. ಸಾವಿರಾರು ಜನರಿದ್ದಲ್ಲೇ ಜಗಳ ತಂದ ಲೆಕ್ಕ ಅದು. ಹನ್ನೆರಡು ಜನರ ಅಂಗಡಿಯಲ್ಲಿ "ಒಬ್ಬರಾದರೂ ಕೆಳಗೆ ಇರಲೇಬೇಕು" ಎನ್ನುವ ಮಾಲೀಕರನ್ನು ನೋಡಿದರೆ ನಗು ಬರುತ್ತದೆ, ಆ ಒಬ್ಬನ ಮನೆ ನೆನೆದರೆ ನಗು ನಿಲ್ಲುತ್ತದೆ.

ಸಣ್ಣವರಿಗೆ ನಿಜಕ್ಕೂ ಉಪಯೋಗಕ್ಕೆ ಬರುವ ಪಾಠ ಬೇರೆ ಕಡೆ ಇದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ನಡೆದ, 1965ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬೈಗುಳದಿಂದ ಕೆಲಸ ಕೆಡುತ್ತದೆ, ಹೊಗಳಿಕೆಯಿಂದಲೂ ದೊಡ್ಡ ವ್ಯತ್ಯಾಸವಿಲ್ಲ. ಸಂಬಳದ ಮಾತನ್ನೂ ಕೆಲಸ ಸುಧಾರಿಸುವ ಮಾತನ್ನೂ ಒಂದೇ ಕೂತಲ್ಲಿ ಬೆರೆಸಬೇಡಿ ಎಂದಿತು ಅದು. ಖರೇ ಅಲ್ಲವೇ? ಹೈಕ್ ಎಷ್ಟು ಎಂದು ಕಿವಿ ನೆಟ್ಟಗೆ ಮಾಡಿ ಕೂತವನಿಗೆ ಬೇರೇನು ಕೇಳಿಸೀತು! ನಮ್ಮಲ್ಲೂ 1970ರ ದಶಕದ ಮಧ್ಯದಲ್ಲಿ ಉದಯ್ ಪಾರೀಕ್ ಮತ್ತು ಟಿ.ವಿ. ರಾವ್ ಎಲ್ ಅಂಡ್ ಟಿಗೆ ಸಲಹೆ ಕೊಟ್ಟಾಗ, ಅಪ್ರೈಸಲ್ ಎಂದರೆ ತೂಗುವುದಷ್ಟೇ ಅಲ್ಲ, ಕೂತು ಮಾತಾಡಿ ಬೆಳೆಸುವುದೂ ಹೌದು ಎಂಬ ದಾರಿ ಹಾಕಿದರು.

ಇದಕ್ಕೆ ಸಾಫ್ಟ್‌ವೇರ್ ಬೇಡ. ನೂರು ಪುಟದ ಒಂದು ನೋಟ್‌ಬುಕ್ಕು ಸಾಕು. ಯಾವ ಜಾಬ್ ರಿಜೆಕ್ಟ್ ಆಯಿತು, ಯಾವುದು ಗಡುವಿಗೆ ಮುಂಚೆ ಹೋಯಿತು ಎಂದು ತಾರೀಖಿನೊಂದಿಗೆ ಆವತ್ತೇ ಬರೆದು, ಆವತ್ತೇ ಅವನಿಗೆ ಹೇಳುವುದು. ಇಲ್ಲದಿದ್ದರೆ ಮಾರ್ಚಿನಲ್ಲಿ ಮಾಲೀಕನಿಗೆ ನೆನಪಿರುವುದು ಫೆಬ್ರವರಿಯ ಜಗಳ ಒಂದೇ. ದೀಪಾವಳಿಗೆ ಮುಂಚೆ ಒಂದು ಸಲ ಕೆಲಸದ ಮಾತು, ಮಾರ್ಚಿನಲ್ಲಿ ಸಂಬಳದ ಮಾತು. ಬರೆದದ್ದನ್ನು ಅವನ ಮುಂದೆ ಓದಿ, ಅವನು ಇಲ್ಲ ಅಂದರೆ ಅದನ್ನೂ ಕೆಳಗೆ ಬರೆದುಕೊಳ್ಳುವುದು. ಮತ್ತೆ ಮಾತು ಮರಾಠಿಯಲ್ಲೋ ಕನ್ನಡದಲ್ಲೋ, ಅವನಿಗೆ ಯಾವುದರಲ್ಲಿ ಎದುರಾಡಲು ಬರುತ್ತದೋ ಅದರಲ್ಲಿ ಇರಲಿ.